ಅಟ್ಟದ ಮಳೆ ಪುಸ್ತಕ ತರಗತಿಗೆ ಬರಲಿ: ಕಾಲೇಜಿನಲ್ಲೊಂದು ಪುಟ್ಟ ಸಂಗ್ರಹಾಲಯ ಕಟ್ಟುವ ಬಗೆ

"ಹಳೇ ಮನೆ ಕೆಡವ್ತಾ ಇದ್ದೀವಿ ಮೇಷ್ಟ್ರೇ, ಅಟ್ಟದಲ್ಲಿ ಏನೇನೋ ಕಾಗದ ಬಿದ್ದಿದೆ, ಬೇಕಿದ್ರೆ ಬಂದು ನೋಡಿ." ಸಕಲೇಶಪುರದ ಕಡೆಯಿಂದ ಇಂಥ ಫೋನು ಬಂದರೆ ನಾನು ಅದೇ ದಿನ ಹಾಸನದಿಂದ ಬಸ್ಸು ಹತ್ತುತ್ತೇನೆ. ಒಂದು ವಾರ ತಡವಾದರೂ ಆ ಕಾಗದ ಗುಜರಿಗೆ ಹೋಗಿರುತ್ತದೆ, ಇಲ್ಲವೇ ಬಚ್ಚಲೊಲೆಗೆ.

ಕಾಲೇಜಿನಲ್ಲಿ ಸಂಗ್ರಹಾಲಯ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹೊಯ್ಸಳರ ಕಾಲದ ಒಂದು ಮುರಿದ ವಿಗ್ರಹ. ಅದು ನಮ್ಮ ಕೆಲಸವಲ್ಲ. ಕಲ್ಲಿನ ಶಿಲ್ಪಗಳಿಗೆ ಹಳೇಬೀಡಿನಲ್ಲಿ ಪುರಾತತ್ವ ಸರ್ವೇಕ್ಷಣೆಯ ಸಂಗ್ರಹಾಲಯವಿದೆ, ಹಾಸನದ ಮಹಾರಾಜ ಪಾರ್ಕಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಬೇರಾರೂ ಎತ್ತಿಡದ ವಸ್ತುಗಳೇ ಸಣ್ಣ ಕಾಲೇಜಿನ ಪಾಲು: ತೋಟದ ಲೆಕ್ಕದ ಪುಸ್ತಕ, ಅಳತೆಯ ಕೊಳಗ ಮತ್ತು ಸೇರು, ಊರಿನ ಗಿಡಗಳ ಒಣ ಮಾದರಿ, ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳವರ ನೆನಪಿನ ಧ್ವನಿಮುದ್ರಣ.

ಮೊದಲು ರಿಜಿಸ್ಟರು, ಆಮೇಲೆ ಬೀರು

ನಾನು ಮೊದಲು ಕೆಲಸಕ್ಕೆ ಸೇರಿದ ಕಾಲೇಜಿನಲ್ಲಿ ಒಮ್ಮೆ ಸುಣ್ಣ ಬಳಿಸುವಾಗ ಇತಿಹಾಸ ವಿಭಾಗದ ಬೀರು ಖಾಲಿ ಮಾಡಿಸಿದರು. ವಿದ್ಯಾರ್ಥಿಗಳು ವರ್ಷಗಳ ಕಾಲ ತಂದುಕೊಟ್ಟ ನಾಣ್ಯ, ಮಡಕೆಚೂರುಗಳು ಅದರಲ್ಲಿದ್ದವು. ವಸ್ತುಗಳೇನೋ ಉಳಿದವು. ಯಾವುದು ಯಾವ ಊರಿನದು ಎಂದು ಬರೆದಿದ್ದ ಚೀಟಿಗಳು ಮಾತ್ರ ಕಸದ ಜೊತೆ ಹೋದವು. ಆ ನಾಣ್ಯಗಳನ್ನಿಟ್ಟುಕೊಂಡು ಊರಿನ ಚರಿತ್ರೆಯ ಒಂದು ಪಾಠವನ್ನೂ ನಾನು ಮಾಡಲಾಗಲಿಲ್ಲ. ಈಗಲೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಆದ್ದರಿಂದ ಬೀರು ಕೊಳ್ಳುವ ಮೊದಲು ದಪ್ಪ ರಟ್ಟಿನ, ಹೊಲಿದ ಬೈಂಡಿನ ಒಂದು ರಿಜಿಸ್ಟರು ಕೊಳ್ಳಿ. ಪುಟಗಳಿಗೆಲ್ಲ ಮೊದಲೇ ಸಂಖ್ಯೆ ಹಾಕಿ. ಬಂದ ಪ್ರತಿ ವಸ್ತುವಿಗೂ ಒಂದು ಸಾಲು: ಸಂಖ್ಯೆ, ಬಂದ ದಿನ, ಏನು, ಅಳತೆ, ಕೊಟ್ಟವರು, ಯಾವ ಊರು, ಮನೆಯ ಯಾವ ಜಾಗದಲ್ಲಿತ್ತು, ಅವರು ಹೇಳಿದ ಕಥೆ, ಈಗಿನ ಸ್ಥಿತಿ, ಇಟ್ಟಿರುವ ಜಾಗ. ಸಂಖ್ಯೆ ಸರಳವಾಗಿರಲಿ. 2025.7.3 ಎಂದರೆ 2025ರಲ್ಲಿ ಬಂದ ಏಳನೆಯ ಕೊಡುಗೆಯ ಮೂರನೆಯ ವಸ್ತು. ಬರೆಯುವುದು ಅದೇ ದಿನ ಆಗಬೇಕು, ನಾಳೆಗೆ ಬಿಟ್ಟರೆ ಕಥೆ ಅರ್ಧ ಮರೆತಿರುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಬೇಕೇ ಬೇಕು, ಆದರೆ ಮೂಲ ಕಾಗದದ ಮೇಲಿರಲಿ.

ಕೊಟ್ಟವರಿಂದ ಒಂದು ಪುಟದ ಪತ್ರ ಪಡೆಯಿರಿ: ಶಾಶ್ವತವಾಗಿ ಕೊಟ್ಟದ್ದೋ, ಎರವಲೋ? ಎರವಲಾದರೆ ಎಷ್ಟು ದಿನಕ್ಕೆ? ಎರಡು ಪ್ರತಿ, ಒಂದು ಅವರಿಗೆ. ಓಲೆಗರಿಗಳನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸುವ ಮನೆಗಳು ನಮ್ಮಲ್ಲಿ ಬಹಳ. ಅಂಥವರ ಮೇಲೆ ಒತ್ತಾಯ ಬೇಡ. ಅವರ ಮನೆಯಲ್ಲೇ ಕೂತು ಪ್ರತಿ ಗರಿಯ ಫೋಟೊ ತೆಗೆದು, ಕಟ್ಟನ್ನು ಮೊದಲಿದ್ದಂತೆಯೇ ಕಟ್ಟಿಟ್ಟು ಬನ್ನಿ. ಸಂಶೋಧನೆಗೆ ಅಷ್ಟು ಸಾಕು.

ಏನನ್ನು ಮುಟ್ಟಬಾರದು

ಇಲ್ಲಿ ಕಾನೂನು ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಮತ್ತು ದಾಖಲೆಗಳು ಪುರಾತನ ವಸ್ತುಗಳೇ. ಕಲ್ಲು, ಲೋಹದ ಶಿಲ್ಪಗಳಂಥ ಕೆಲವು ಬಗೆಯವನ್ನು ನೋಂದಣಿ ಮಾಡಿಸಲೇಬೇಕು. ಹೊಲ ಉಳುವಾಗ ನಿಧಿ ಸಿಕ್ಕಿತೆಂದು ಯಾರಾದರೂ ತಂದರೆ ಕಾಲೇಜಿಗೆ ತೆಗೆದುಕೊಳ್ಳದೆ ತಹಶೀಲ್ದಾರರ ಗಮನಕ್ಕೆ ತನ್ನಿ. ತೋಟದ ಬಂಗಲೆಗಳಲ್ಲಿ ಗೋಡೆಗೆ ಹಾಕಿದ ಕಾಟಿ ತಲೆ, ಕಡವೆ ಕೊಂಬು, ಚಿರತೆ ಚರ್ಮ ಇರುತ್ತವೆ. ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡುತ್ತೇವೆ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಅರಣ್ಯ ಇಲಾಖೆಯನ್ನು ಕೇಳದೆ ಒಳಗೆ ತರಬೇಡಿ.

ಶಾಸನದ ಕಲ್ಲುಗಳೂ ಊರಲ್ಲೇ ಇರಲಿ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರದು. ಆರನೆಯದು ಆಗಿನ ಕಡೂರು ಜಿಲ್ಲೆಯದು, ಅಂದರೆ ಇಂದಿನ ಚಿಕ್ಕಮಗಳೂರು, 1901ರದು. ಒಬ್ಬೊಬ್ಬ ವಿದ್ಯಾರ್ಥಿಗೂ ತನ್ನ ಊರಿನ ಒಂದು ಶಾಸನ ಒಪ್ಪಿಸಿ. ಆ ಕಲ್ಲು ಈಗ ಇದೆಯೇ, ಎಲ್ಲಿದೆ, ಹೇಗಿದೆ ಎಂದು ನೋಡಿ ಬರಲಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆ ಬೆಳಕು ಬಿಟ್ಟರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು ಕೂಡದು. ಹಲ್ಮಿಡಿಯ ಮೂಲ ಶಾಸನ ಮೈಸೂರಿಗೆ ಹೋಗಿದೆ, ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಇಂದಿರುವುದು ಪ್ರತಿಕೃತಿ. ಉಳಿದ ಊರುಗಳಿಗಾದರೂ ಅವರ ಕಲ್ಲು ಉಳಿಯಬೇಕೆಂಬುದು ನನ್ನ ಆಸೆ.

ಮಳೆಗಾಲಕ್ಕೆ ಮುಂಚೆ ಮಾಡಿಕೊಳ್ಳಬೇಕಾದದ್ದು

ಅರಸೀಕೆರೆಯ ಕಾಲೇಜಿಗಿಲ್ಲದ ಕಷ್ಟ ಸಕಲೇಶಪುರ, ಮೂಡಿಗೆರೆಯವರಿಗಿದೆ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ತೇವಾಂಶ ಮಾಪಕಕ್ಕೆ ಹೆಚ್ಚು ಹಣ ಬೇಡ, ಒಂದನ್ನು ಕೋಣೆಯಲ್ಲಿಡಿ, ದಿನಾ ಅಂಕಿ ಬರೆಯುವ ಕೆಲಸ ವಿದ್ಯಾರ್ಥಿಗಳಿಗೆ ಕೊಡಿ. ಬೀರು ಕಬ್ಬಿಣದ್ದಾಗಲಿ, ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ತಳದ ಖಾನೆ ಖಾಲಿ ಇರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗೇ ಬೆವೆತು ಹಾಳಾಗುತ್ತದೆ. ಹಿರಿಯರು ಕೆಂಪು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಧ್ಯೆ ಬಜೆ ಬೇರು, ಬೇವಿನೆಲೆ ಇಡುತ್ತಿದ್ದರು. ತೊಳೆದು ಗಂಜಿ ತೆಗೆದ ಹತ್ತಿ ಬಟ್ಟೆ ಇಂದಿಗೂ ಒಳ್ಳೆಯ ಹೊದಿಕೆ. ಎಲೆ, ಬೇರುಗಳನ್ನು ಮಾತ್ರ ಕಾಗದಕ್ಕೆ ತಾಗಿಸಬೇಡಿ.

ತುಕ್ಕು ಹಿಡಿದ ಗುಂಡುಪಿನ್, ಸ್ಟೇಪಲ್ ಪಿನ್‌ಗಳನ್ನು ಮೆಲ್ಲಗೆ ಬಿಡಿಸಿ ಹತ್ತಿ ದಾರ ಕಟ್ಟಿ. ಸೆಲೋಟೇಪು ಬೇಡ. ಲ್ಯಾಮಿನೇಷನ್ನು ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗುವುದಿಲ್ಲ. ಸಂಖ್ಯೆಯನ್ನು ಕಾಗದದ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ, ಬಟ್ಟೆಗಾದರೆ ಸಣ್ಣ ಪಟ್ಟಿ ಹೊಲಿಯಿರಿ. ಆಯುಧಪೂಜೆಯ ದಿನ ಬೀರುವಿಗೆ ಹೂ ಮುಡಿಸಿ, ಪುಸ್ತಕಕ್ಕೆ ಅರಿಸಿನ ಕುಂಕುಮ ಬೇಡ. ಆ ಕಲೆ ಹೋಗುವುದಿಲ್ಲ.

ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ವಿಭಾಗಗಳ ಹಳೆಯ ಮಾದರಿಗಳ ಬಗ್ಗೆ ಒಂದು ಎಚ್ಚರಿಕೆ. ಹಿಂದೆ ಹುಳು ಹಿಡಿಯದಂತೆ ಒಣಗಿಡದ ಹಾಳೆಗಳಿಗೆ ಪಾದರಸದ ಲವಣ, ತುಂಬಿದ ಹಕ್ಕಿಗಳಿಗೆ ಆರ್ಸೆನಿಕ್ ಹಚ್ಚುತ್ತಿದ್ದರು. ಕೈಗವಸಿಲ್ಲದೆ ಮುಟ್ಟಬಾರದು. ಹಾಗೆಂದು ಎಸೆಯಲೂ ಬಾರದು. ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥ 1976ರಲ್ಲಿ ಬಂತು. ಅದನ್ನು ಡಾನ್ ನಿಕಲ್ಸನ್ ಅವರೊಂದಿಗೆ ಸಿದ್ಧಪಡಿಸಿದ ಸೆಸಿಲ್ ಸಲ್ಡಾನ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಮೇಷ್ಟ್ರು. ಊರು, ತಾರೀಖು ಬರೆದ ಒಣಗಿಡದ ಹಾಳೆಗಳಿಲ್ಲದೆ ಅಂಥ ಗ್ರಂಥ ಹುಟ್ಟುವುದಿಲ್ಲ.

ಓದಲಾಗದ್ದನ್ನೂ ಇಟ್ಟುಕೊಳ್ಳಿ

ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕಿದರೆ ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೆರಳು ತಾಗಿದರೂ ಅಕ್ಷರ ಅಳಿಸೀತು. ಒರೆಸಬೇಡಿ, ಊದಬೇಡಿ, ಮೊದಲು ಫೋಟೊ ತೆಗೆಯಿರಿ. ಮಲೆನಾಡಿನ ಸಂಸ್ಕೃತ ಓಲೆಗಳು ತಿಗಳಾರಿ ಲಿಪಿಯಲ್ಲಿರಬಹುದು, ಹಳೆಯ ಲೆಕ್ಕಪತ್ರ ಮೋಡಿ ಎಂಬ ಕೂಡುಬರಹದ ಲಿಪಿಯಲ್ಲಿರಬಹುದು. ಓದುವವರು ಇಂದು ಸಿಗದಿದ್ದರೆ ನಾಳೆ ಸಿಗುತ್ತಾರೆ. ಟಿಪ್ಪು ಸುಲ್ತಾನ ಶೃಂಗೇರಿಯ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಮಠದಲ್ಲೇ ಇದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಯಾರೋ ಜೋಪಾನ ಮಾಡಿದ್ದಕ್ಕೆ ಅದು ಸಾಧ್ಯವಾಯಿತು.

ವಿದ್ಯಾರ್ಥಿಯ ಕೈಗೆ

ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ವಾರ್ಷಿಕೋತ್ಸವಕ್ಕೊಮ್ಮೆ ತೆರೆಯುವ ಸಂಗ್ರಹದಿಂದ ಪ್ರಯೋಜನವಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಕೋಣೆ ತೆರೆದಿರಲಿ. ಒಂದು ಮೇಜು, ಒಳ್ಳೆಯ ಬೆಳಕು, ಪೆನ್ಸಿಲ್ ಮಾತ್ರ, ಬ್ಯಾಗು ಹೊರಗೆ. ಏನು ನೋಡಿದರು, ಯಾಕೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ನನ್ನ ಅನುಭವದಲ್ಲಿ ಎಲ್ಲ ವಿಭಾಗಕ್ಕೂ ಹೊಂದುವ ವಸ್ತು ಕಾಫಿ ತೋಟದ ಮಳೆ ಪುಸ್ತಕ. ಹಳೆಯ ತೋಟಗಳಲ್ಲಿ ಅಂಗಳದ ಮಳೆ ಮಾಪಕ ನೋಡಿ ದಿನವೂ ಬರೆದಿಡುವ ರೂಢಿ ಇದೆ, ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ. 100 ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಭೂಗೋಳದವರು ಅದನ್ನು ಪರಿವರ್ತಿಸಿ ನಕ್ಷೆ ಬರೆಯಲಿ. ಸಂಖ್ಯಾಶಾಸ್ತ್ರದವರು ಕಾಫಿ ಹೂ ಅರಳಿಸುವ ಮಾರ್ಚ್ ಏಪ್ರಿಲಿನ ಹೂಮಳೆ ಯಾವ ವರ್ಷ ಯಾವ ತಾರೀಖಿಗೆ ಬಂತೆಂದು ಜೋಡಿಸಲಿ. ವಾಣಿಜ್ಯದವರು ಅದೇ ತೋಟದ ಕೂಲಿ ಲೆಕ್ಕ, ಮೇಸ್ತ್ರಿಗೆ ಕೊಟ್ಟ ಮುಂಗಡವನ್ನು ರೂಪಾಯಿ, ಆಣೆ, ಪೈಗಳಲ್ಲಿ ಕೂಡಿ ನೋಡಲಿ. 16 ಆಣೆಗೆ ರೂಪಾಯಿ ಎಂದು ಕೇಳಿದ್ದವರಿಗೂ ಕೂಡುವಾಗ ಕೈ ತಡೆಯುತ್ತದೆ. ಕನ್ನಡದವರು ಅಂಚಿನಲ್ಲಿ ಗುಮಾಸ್ತರು ಗೀಚಿದ ಮಾತುಗಳನ್ನು ಬಿಡಿಸಿ ಓದಲಿ. "ಸೇತುವೆ ಹೋಯ್ತು, ತಪಾಲು ಬರಲಿಲ್ಲ" ಎಂಬಂಥ ಸಾಲು ಸಿಕ್ಕಿದ ದಿನ ತರಗತಿಯಲ್ಲಿ ಗಂಟೆ ಹೊಡೆದದ್ದು ಯಾರಿಗೂ ಕೇಳಿಸುವುದಿಲ್ಲ.

ಪುಸ್ತಕ ಪೂರ್ತಿ ಫೋಟೊ ತೆಗೆದ ಮೇಲೆ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ತೋಟದ ಮನೆಗೆ ಕೊಟ್ಟು ಬನ್ನಿ. ಅವರು ಈ ವರ್ಷದ ಮಳೆಯನ್ನೂ ಬರೆಯುತ್ತಿದ್ದರೆ ಆ ಪುಟದ ಫೋಟೊ ಕೇಳಿ ತೆಗೆದುಕೊಂಡು, ಬಸ್ಸಿಳಿದು ಕೋಣೆಗೆ ಬಂದೊಡನೆ ರಿಜಿಸ್ಟರಿನಲ್ಲಿ ಮುಂದಿನ ಸಂಖ್ಯೆ ಹಾಕಿ ಬರೆಯಿರಿ.