ಹಳೆ ಬೇಸ್ ಗಿಟಾರ್ ಕೊಳ್ಳುವ ಮುಂಚೆ ನೆಕ್ ನೋಡಿ

ಸೆಕೆಂಡ್ ಹ್ಯಾಂಡ್ ಬೇಸ್ ನೋಡಲು ಹೋದರೆ ಮೊದಲು ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಕತ್ತು) ನೋಡಿ, ಬಣ್ಣ ಆಮೇಲೆ. ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7-8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಒಳ್ಳೆಯದು. ಜಾಸ್ತಿ ಇದ್ದರೆ ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್‌ನಿಂದ ಸರಿಮಾಡಬಹುದು. ಆದರೆ ಆ ರಾಡ್ ತಿರುಗುತ್ತದೆಯೇ ಎಂದು ಮಾರುವವರಿಂದಲೇ ತೋರಿಸಿಕೊಳ್ಳಿ. ನೆಕ್ ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಆಮೇಲೆ ಎಲ್ಲ ತಂತಿಗಳನ್ನೂ ಒಂದೊಂದೇ ಫ್ರೆಟ್‌ನಲ್ಲಿ ನಿಧಾನವಾಗಿ ನುಡಿಸಿ, ಎಲ್ಲಿ ಕರಕರ ಬರುತ್ತದೆ ಕೇಳಿ. ವಾಲ್ಯೂಮ್ ನಾಬ್ ತಿರುಗಿಸಿದಾಗ ಬರುವ ಕರಕರಕ್ಕೆ ಹೆದರಬೇಡಿ, ಸ್ವಚ್ಛ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ.

ಆಂಪ್ (ಆಂಪ್ಲಿಫೈಯರ್) ಮಾತ್ರ ಬೇಸ್‌ನದ್ದೇ ಇರಲಿ. ದಪ್ಪ ಇ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಅಷ್ಟು ಕೆಳಗಿನ ಸ್ವರವನ್ನು ಮಾಮೂಲಿ ಗಿಟಾರ್ ಆಂಪ್‌ನಲ್ಲಿ ಜೋರಾಗಿ ನುಡಿಸಿದರೆ ಸ್ಪೀಕರ್ ಹಾಳಾಗಬಹುದು. ಪೆಡಲ್‌ಗಳಲ್ಲಿ (ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳು) ಸದ್ಯಕ್ಕೆ ಶ್ರುತಿ ನೋಡುವ ಒಂದು ಟ್ಯೂನರ್ ಸಾಕು.