ಬಾಣದ ಕೀ ಒತ್ತಿದರೆ ಬಿಲ್ ರದ್ದಾಗುತ್ತಿತ್ತು

ಅಡಿಕೆ ಮಂಡಿಯೊಂದಕ್ಕೆ ಡಾಸ್ ಕಾಲದ ಟರ್ಬೊ ಸಿ ಕಂಪೈಲರಿನಲ್ಲಿ ಬರೆದುಕೊಟ್ಟಿದ್ದ ಬಿಲ್ಲಿನ ಪ್ರೋಗ್ರಾಂ ಹತ್ತಿರಹತ್ತಿರ 15 ವರ್ಷ ದುಡಿಯಿತು. ಅದನ್ನು ಲಿನಕ್ಸ್‌ಗೆ ತಂದುಕೊಡಲು ರೂ. 12,000ಕ್ಕೆ ಒಪ್ಪಿಕೊಂಡೆ. ವಾರದ ಕೆಲಸ ಅಂದುಕೊಂಡಿದ್ದೆ, ಎರಡು ತಿಂಗಳು ಹಿಡಿಯಿತು.

ಅಲ್ಲಿನ ಗುಮಾಸ್ತರ ಬೆರಳು ಎಫ್2ಕ್ಕೂ ಬಾಣದ ಕೀಗಳಿಗೂ ಒಗ್ಗಿಹೋಗಿದೆ, ಮೌಸ್ ಮುಟ್ಟುವವರಲ್ಲ. 'ಎನ್‌ಕರ್ಸಸ್ ಹಾಕಿಬಿಡು, ಬರೀ ಟರ್ಮಿಯೋಸ್ ನಂಬಿದರೆ ಕೆಟ್ಟೆ' ಎಂದು ಗೆಳೆಯರು ಹೇಳಿದರು. ಮೊದಲನೆಯದು ಟರ್ಮಿನಲ್ಲಿನ ಪರದೆ, ಕೀ ಎರಡನ್ನೂ ತಾನೇ ನೋಡಿಕೊಳ್ಳುವ ಸಿದ್ಧ ಕೋಡು; ಎರಡನೆಯದು ಬರೀ ಟರ್ಮಿನಲ್ಲಿನ ಸೆಟ್ಟಿಂಗು, ಕೀಗಳನ್ನು ನಾವೇ ಬಿಡಿಸಿಕೊಳ್ಳಬೇಕು. ಪರದೆಗೆ ಬರೆಯುವ ಕೋಡ್ ಎಲ್ಲವೂ ನನ್ನದೇ ಇರುವಾಗ ಕೀಗಳಿಗಾಗಿ ಅಷ್ಟನ್ನೂ ಕೆಡವಲು ಮನಸ್ಸಾಗಲಿಲ್ಲ. ಸ್ವಲ್ಪ ಹಟವೂ ಇತ್ತು.

ಟರ್ಮಿಯೋಸ್‌ನಲ್ಲಿ ಎಂಟರ್ ಒತ್ತುವವರೆಗೆ ಕಾಯಿಸುವ ಐಕ್ಯಾನನ್, ಒತ್ತಿದ್ದನ್ನು ತಾನೇ ತೋರಿಸುವ ಎಕೋ ತೆಗೆದೆ. ವಿಮಿನ್ 0, ವಿಟೈಮ್ 1, ಅಂದರೆ ಏನೂ ಬರದಿದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಕಾಯುವುದು. ಮೇಲಿನ ಬಾಣಕ್ಕೆ 27, 91, 65 ಎಂದು ಮೂರು ಬೈಟ್ ಬಂತು; 27 ಎಸ್ಕೇಪ್ ಕೀಯದೇ ಸಂಕೇತ, ಉಳಿದೆರಡು '[' ಮತ್ತು ಇಂಗ್ಲಿಷಿನ 'ಎ'. ಮನೆಯಲ್ಲಿ ಎಲ್ಲವೂ ಸರಿ. ಮಂಡಿಯಲ್ಲಿ ಮೊದಲ ದಿನವೇ ಮಾನ ಹೋಯಿತು. ರೈತರ ಹೆಸರನ್ನು ಕನ್ನಡದಲ್ಲಿ ಹೊಡೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಳೆಯ ಕೋಡಿನಲ್ಲಿ, ವಿಂಡೋಸ್ ಕಂಪೈಲರಿಗಾಗಿ ಯಾವತ್ತೋ ಸೇರಿಸಿದ್ದ ಸಾಲೊಂದು ಹಾಗೇ ಉಳಿದಿತ್ತು: 0 ಅಥವಾ 224 ಬಂದರೆ ಅದು ವಿಶೇಷ ಕೀ, ಮುಂದಿನ ಬೈಟ್ ನುಂಗು. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ 'ಕ' ಎಂದರೆ 224, 178, 149. ಕನ್ನಡದ ಪ್ರತಿ ಅಕ್ಷರವೂ 224ರಿಂದಲೇ ಶುರು! ಆ ಸಾಲು ಸಿಗುವವರೆಗೆ ಮೂರು ರಾತ್ರಿ ಕೂತಿದ್ದೇನೆ.

ಇದಕ್ಕಿಂತ ದುಬಾರಿಯಾದದ್ದು ಎಸ್ಕೇಪ್. ಅವರ ಇನ್ನೊಂದು ಅಂಗಡಿ ಎಸ್‌ಎಸ್‌ಎಚ್ ಎಂಬ ದೂರದ ಲಾಗಿನ್ ಮೂಲಕ ಇದೇ ಯಂತ್ರಕ್ಕೆ ಬರುತ್ತದೆ. ಸಂಪರ್ಕ ತೆವಳುವಾಗ 27 ಒಂದೇ ಮೊದಲು ಬಂದು, ಉಳಿದೆರಡು ಹಿಂದೆ ಬೀಳುತ್ತಿದ್ದವು. ಪ್ರೋಗ್ರಾಂ ಅದನ್ನು ಎಸ್ಕೇಪ್ ಎಂದುಕೊಂಡು ಬಿಲ್ ರದ್ದು ಮಾಡಿ, ಹೊಸ ಬಿಲ್ಲಿನ ಹೆಸರಿನ ಜಾಗದಲ್ಲಿ '[ಎ' ಎಂದು ಬರೆಯುತ್ತಿತ್ತು. ಒಂದು ಸಂಜೆ ಹದಿನೆಂಟೋ ಇಪ್ಪತ್ತೋ ಬಿಲ್ ಹೋದವು, ಯಜಮಾನರು ರೂ. 4,000 ತಡೆಹಿಡಿದರು.

ಕೊನೆಗೆ ಬೈಟ್ ಬೈಟಾಗಿ ಸ್ಥಿತಿ ನೆನಪಿಡುವ ಓದುಗವನ್ನು ಬರೆದೆ, ಇನ್ನೂರು ಸಾಲು ಇರಬಹುದು. ದೂರದಿಂದ ಬಂದವರಿಗೆ ಕಾಯುವ ಅವಧಿ ಹೆಚ್ಚು. ತಡವಾಗಿ ಬಂದ ಬಾಲವನ್ನು ಮತ್ತೆ ತಲೆಗೆ ಜೋಡಿಸುವ ಉಪಾಯವೊಂದಿದೆ, ಅದು ನನ್ನಲ್ಲೇ ಇರಲಿ.

ಈ ನಡುವೆ ಶಿಫ್ಟ್ ಜೊತೆ ಬಾಣ ಒತ್ತಿ ಸಾಲು ಆರಿಸುವ ಹುಚ್ಚೂ ಹಿಡಿಯಿತು. ಚೆನ್ನಾಗಿಯೇ ಬಂತು, ಆದರೆ ಗುಮಾಸ್ತರು ತಿರುಗಿಯೂ ನೋಡಲಿಲ್ಲ. ಅದರಿಂದಾದ ಲಾಭ ಬೇರೆ: ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಕಿಟಕಿ ಬಿಟ್ಟು, ಕಿಟಕಿಗಳೇ ಇಲ್ಲದ ಬರೀ ಲಿನಕ್ಸ್ ಕನ್ಸೋಲಿನಲ್ಲಿ ಪರೀಕ್ಷಿಸುವಾಗ ಎಫ್2 ಕೈಕೊಟ್ಟಿತು. ಅಲ್ಲಿ ಎಸ್ಕೇಪ್ ಆದಮೇಲೆ ಚೌಕ ಕಂಸ ಎರಡು ಸಲ ಬರುತ್ತದೆ. ನನ್ನ ಓದುಗ ಎರಡನೆಯದಕ್ಕೇ ಮುಗಿಯಿತೆಂದು ಎದ್ದುಬಿಡುತ್ತಿತ್ತು.

ಆರೇಳು ತಿಂಗಳಿಂದ ಒಂದು ಬಿಲ್ಲೂ ತಾನಾಗಿ ರದ್ದಾಗಿಲ್ಲ. ಎನ್‌ಕರ್ಸಸ್ ಎಂದಿದ್ದ ಗೆಳೆಯರಲ್ಲೊಬ್ಬನೇ ಮೊನ್ನೆ ಆ ಓದುಗದ ಕಡತ ಕೇಳಿದ. ತಡೆದ ರೂ. 4,000 ಮಾತ್ರ ಇನ್ನೂ ಮಂಡಿಯಲ್ಲೇ ಇದೆ.