ಗೊರಬು ಬೇಡ, ನೀಲಿ ಟಾರ್ಪಲ್ ಇರಲಿ: ಗದ್ದೆ ಬದಿಯಲ್ಲಿ ನನ್ನ ಚಿತ್ರದ ಕೆಲಸ

ಹಳ್ಳಿಯ ಚಿತ್ರ ಬೇಕು ಅಂತ ಬರುವವರು ಹೆಚ್ಚಾಗಿ ಕೇಳುವುದು ಒಂದೇ ಚಿತ್ರ. ಮಳೆ ಹೊಯ್ಯುತ್ತಿರಬೇಕು. ಹೆಂಗಸರು ಸಾಲಾಗಿ ಬಗ್ಗಿ ನೇಜಿ (ಭತ್ತದ ಸಸಿ) ನೆಡುತ್ತಿರಬೇಕು. ಎಲ್ಲರ ಬೆನ್ನ ಮೇಲೂ ಗೊರಬು, ಅಂದರೆ ಬಿದಿರು, ಎಲೆ ಹೆಣೆದು ಮಾಡಿದ ಮಳೆಯ ಹೊದಿಕೆ, ಇರಬೇಕು. ಹಿಂದೆ ಒಂದು ಹಂಚಿನ ಮನೆ, ನಾಲ್ಕು ತೆಂಗಿನಮರ. ಆಯ್ತು.

ನಾನು ಹೋಗಿ ಕೂರುವುದು ಉಡುಪಿ ಹತ್ತಿರದ ಕಟಪಾಡಿ, ಶಿರ್ವ ಕಡೆಯ ಬೈಲು ಗದ್ದೆಗಳಲ್ಲಿ. ಅಲ್ಲಿ ಈಗ ಗೊರಬು ಕಂಡರೆ ಅದೃಷ್ಟ. ಕಾಣುವುದು ನೀಲಿ ಟಾರ್ಪಲ್ ತುಂಡು, ಗೊಬ್ಬರದ ಚೀಲವನ್ನು ಮಡಚಿ ಮಾಡಿದ ಕೊಪ್ಪೆ, ಮಗನ ಹಳೆ ರೈನ್‌ಕೋಟು. ನಾನು ಅದನ್ನೇ ಬರೆಯುತ್ತೇನೆ. ಗೊರಬು ಕೂಡ ಒಂದು ಕಾಲದಲ್ಲಿ ಮಳೆಗೆ ಹಾಕಿಕೊಳ್ಳುವ ಸಾಮಾನು ಆಗಿತ್ತು ಅಷ್ಟೆ. ಅದನ್ನು ಹೊದ್ದವರು ಯಾರೂ ಚಂದ ಕಾಣಲಿ ಅಂತ ಹೊದ್ದದ್ದಲ್ಲ.

ನಾನು ಕಾಲೇಜಿಗೆ ಹೋಗಿ ಚಿತ್ರ ಕಲಿತವನಲ್ಲ. ಮಂಗಳೂರಿನಲ್ಲಿ ಬೋರ್ಡ್ ಬರೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿ ಹೆಸರು, ಬಸ್ಸಿನ ಹಣೆಪಟ್ಟಿ, ನಾಟಕದ ಪರದೆ, ಎಲ್ಲ ಎನಾಮಲ್ ಪೇಂಟು. ಆ ಕೆಲಸ ಕೈಗೆ ಒಂದು ಅಭ್ಯಾಸ ಕೊಟ್ಟಿತು. ಬ್ರಷ್ ಇಟ್ಟರೆ ಎತ್ತುವವರೆಗೆ ಗೆರೆ ತುಂಡಾಗಬಾರದು. ಆಮೇಲೆ ಫ್ಲೆಕ್ಸ್ ಬಂತು, ಅಂಗಡಿ ಮುಚ್ಚಿತು. ಬಿಡುವು ಜಾಸ್ತಿ ಆಯ್ತು, ಊರಿಗೆ ಬಂದೆ.

ಬೋರ್ಡಿನ ಗೆರೆ ಸತ್ತ ಗೆರೆ, ಅದಕ್ಕೆ ಜೀವ ಬೇಕು ಅಂತ ಗೊತ್ತಾದದ್ದು ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದಾಗ. ನಮ್ಮ ಉಡುಪಿ ಪಕ್ಕದ ಕಟ್ಟಿಂಗೇರಿಯವರು, ಹುಟ್ಟಿದ್ದು 1911ರಲ್ಲಿ. ಮುಂಬಯಿಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು, ಅಲ್ಲೇ ಪಾಠವನ್ನೂ ಮಾಡಿದರು. ಆಮೇಲೆ ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. ಇಷ್ಟೆಲ್ಲ ಆದಮೇಲೂ ಅವರ ಕೈ ತಿರುಗಿ ಬರುತ್ತಿದ್ದದ್ದು ದುಡಿಯುವ ಜನ, ಕುಣಿಯುವ ಜನ, ಊರಿನ ಆಚರಣೆಗಳ ಕಡೆಗೆ. ಗೆರೆಯಲ್ಲಿ ಲಯ ಬರಬೇಕು ಅಂತ ಕಥಕ್ ನೃತ್ಯವನ್ನೇ ಕಲಿತ ಮನುಷ್ಯ ಅವರು! 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. 1996ರಲ್ಲಿ ತೀರಿಕೊಂಡರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವರ ಚಿತ್ರಗಳ ಮುಂದೆ ನಿಂತಾಗ ನನಗೆ ಅನಿಸಿದ್ದು ಇಷ್ಟೇ. ಇವರು ಬರೆದದ್ದು ತಮ್ಮ ಕಣ್ಣೆದುರಿನ ಹಳ್ಳಿಯನ್ನು. ಇವತ್ತು ನಮಗೆ ಅದು ಹಳೆಯ ಕಾಲ. ಅವರಿಗೆ ಅದು ಆವತ್ತಿನ ದಿನ.

ಸರಿ, ಕೆಲಸದ ವಿಷಯಕ್ಕೆ ಬರುತ್ತೇನೆ.

ಗದ್ದೆಗೆ ಹೋಗುವಾಗ ನನ್ನ ಹತ್ತಿರ ಇರುವುದು ಕಿಸೆಯಲ್ಲಿ ಹಿಡಿಯುವ ಪುಸ್ತಕ, 4ಬಿ ಪೆನ್ಸಿಲ್, ಒಂದು ಬಾಲ್‌ಪೆನ್. ಇಂಕಿನ ಪೆನ್ನು ಮಳೆಗೆ ಹರಿದು ಹೋಗುತ್ತದೆ, ಬಾಲ್‌ಪೆನ್ನಿಗೆ ಏನೂ ಆಗುವುದಿಲ್ಲ. ಈಸೆಲ್ ಗೀಸೆಲ್ ಇಲ್ಲ. ಈಸೆಲ್ ನಿಲ್ಲಿಸಿದರೆ ಜನ ಕೆಲಸ ಬಿಟ್ಟು ನಮ್ಮನ್ನೇ ನೋಡ್ತಾರೆ. ಮೊದಲು ಹೋಗಿ ಮಾತಾಡಬೇಕು, ಯಾಕೆ ಬಂದದ್ದು ಅಂತ ಹೇಳಬೇಕು, ಆಮೇಲೆ ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಸುಮ್ನೆ ಕೂರಬೇಕು. ಚಾ ಬರುವ ಹೊತ್ತಿಗೆ ನಮ್ಮನ್ನು ಮರೆತಿರುತ್ತಾರೆ.

ನೇಜಿ ನೆಡುವವರ ಮೈಯನ್ನು ಸರಿಯಾಗಿ ನೋಡಿ. ಹೆಚ್ಚಿನ ಚಿತ್ರಗಳಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿರುತ್ತದೆ. ಪಳಗಿದವರ ಬೆನ್ನು ಹಾಗೆ ಬಾಗುವುದಿಲ್ಲ. ಬಾಗುವುದು ಸೊಂಟದ ಕೀಲಿನಲ್ಲಿ. ಬೆನ್ನು ಹೆಚ್ಚು ಕಡಿಮೆ ಹಲಗೆಯಷ್ಟೇ ನೇರ, ಮೊಣಕಾಲು ಸ್ವಲ್ಪ ಸಡಿಲ. ಎಡಗೈಯಲ್ಲಿ ನೇಜಿಯ ಸೂಡಿ (ಕಟ್ಟು), ಆ ಮೊಣಕೈ ಎಡ ತೊಡೆಗೆ ಆನಿಕೊಂಡಿರುತ್ತದೆ. ಮೈಯ ಭಾರ ಎಲ್ಲ ಅಲ್ಲಿ ಇಳಿಯುತ್ತದೆ. ಬಲಗೈಯ ಹೆಬ್ಬೆರಳು ಮತ್ತೆರಡು ಬೆರಳು ಮಾತ್ರ ಕೆಸರಿಗೆ ಇಳಿದು ಏಳುತ್ತವೆ. ಒಂದೊಂದೇ ಹೆಜ್ಜೆ ಹಿಂದಕ್ಕೆ. ಎಡ ಮೊಣಕೈಯನ್ನು ಗಾಳಿಯಲ್ಲಿ ತೇಲಿಸಿ ಬರೆದರೆ ಆ ಹೆಂಗಸು ಈಗ ಬೀಳ್ತಾಳೆ ಅನ್ನುವ ಹಾಗೆ ಕಾಣುತ್ತದೆ.

ನಾನು ಮುಖದಿಂದ ಶುರು ಮಾಡುವುದೇ ಇಲ್ಲ. ಮೊದಲ ಗೆರೆ ಸೊಂಟದಿಂದ ಹಿಮ್ಮಡಿಗೆ. ಎರಡನೆಯದು ಸೊಂಟದಿಂದ ಭುಜಕ್ಕೆ. ಈ ಎರಡು ಸರಿ ಬಿದ್ದರೆ ಉಳಿದದ್ದು ಮನೆಯಲ್ಲಿ ಕೂತು ಮಾಡಬಹುದು. ಬರೆದದ್ದನ್ನು ಅವರಿಗೇ ತೋರಿಸುತ್ತೇನೆ. ಅವರಷ್ಟು ಖಡಕ್ ವಿಮರ್ಶಕರು ಬೇರೆ ಇಲ್ಲ. "ನನ್ನ ಸೊಂಟ ಇಷ್ಟು ದಪ್ಪ ಉಂಟಾ ಮಾರಾಯ್ರೆ?" ಅಂತ ಒಬ್ಬರು ಕೇಳಿದರೆ, ಪಕ್ಕದವರು "ಕಮ್ಮಿಯೇ ಬರ್ದಿದ್ದಾರೆ" ಅಂತಾರೆ.

ಇನ್ನು ಬಣ್ಣ. ನೀಲಿ ಟಾರ್ಪಲ್ ನಿಜಕ್ಕೂ ಕಷ್ಟದ ವಸ್ತು. ಅದು ಫ್ಯಾಕ್ಟರಿಯ ನೀಲಿ. ನಮ್ಮ ಮಳೆಗಾಲದ ಹಸಿರು, ಬೂದಿ ಬಣ್ಣಗಳ ನಡುವೆ ಕಿರುಚುತ್ತದೆ. ಆದರೆ ಒದ್ದೆ ಪ್ಲಾಸ್ಟಿಕ್ಕನ್ನು ಗಮನಿಸಿ ನೋಡಿದರೆ ಬೆನ್ನಿನ ಮೇಲ್ಭಾಗದಲ್ಲಿ ನೀಲಿ ಇರುವುದೇ ಇಲ್ಲ. ಅಲ್ಲಿ ಆಕಾಶದ ಬಿಳಿ ಕೂತಿರುತ್ತದೆ. ಅಸಲು ನೀಲಿ ಇರುವುದು ಮಡಿಕೆಗಳಲ್ಲಿ, ಹೊಟ್ಟೆಯ ಕಡೆ ನೇತಾಡುವ ಅಂಚಿನಲ್ಲಿ. ಹಾಗಾಗಿ ಮೇಲೆ ಕಾಗದವನ್ನು ಹಾಗೇ ಬಿಡುತ್ತೇನೆ. ಮಡಿಕೆಗೆ ಮಾತ್ರ ಥಾಲೋ ಬ್ಲೂ ಅನ್ನುವ ಕಡು ನೀಲಿ. ಅಂಚಿಗೆ ಒಂಚೂರು ಮಣ್ಣಿನ ಕೆಂಪು ತಾಗಿಸಿದರೆ ಕಿರುಚಾಟ ನಿಲ್ಲುತ್ತದೆ. ಅದೇ ನೀಲಿಯನ್ನು ತುಂಬಾ ತೆಳ್ಳಗೆ ಮಾಡಿ ಗದ್ದೆಯ ನೀರಿನಲ್ಲೂ ಅಲ್ಲಲ್ಲಿ ಇಟ್ಟರೆ ಟಾರ್ಪಲ್ ಆ ಗದ್ದೆಯದ್ದೇ ಆಗುತ್ತದೆ.

ಮಣ್ಣಿನ ಕೆಂಪು ಅಂದೆನಲ್ಲ, ಅದು ಅಂಗಡಿಯದ್ದಲ್ಲ. ಮುರಕಲ್ಲು (ನಮ್ಮ ಕಡೆಯ ಕೆಂಪು ಕಲ್ಲು) ಕಡಿಯುವಲ್ಲಿ ಬಿದ್ದ ಪುಡಿ ತರುತ್ತೇನೆ. ಬಕೆಟ್ ನೀರಿನಲ್ಲಿ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು, ಕಲ್ಲು ತಳಕ್ಕೆ ಹೋಗುತ್ತವೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು ರಾತ್ರಿ ಇಡಬೇಕು. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಅಡಿಯಲ್ಲಿ ನುಣುಪಾದ ಕೆಸರು ಸಿಗುತ್ತದೆ. ಇದನ್ನು ಮತ್ತೆ ಮತ್ತೆ ಮಾಡಿದಷ್ಟೂ ಬಣ್ಣ ನಯ ಆಗುತ್ತದೆ. ಒಣಗಿಸಿ, ಗಾಜಿನ ಮೇಲೆ ಅರೆದು, ಗೋಂದಿನ ನೀರು ಮತ್ತೆ ಒಂದು ಹನಿ ಜೇನು ಸೇರಿಸಿದರೆ ಜಲವರ್ಣ ತಯಾರು. ಜೇನು ಯಾಕಂದ್ರೆ, ಅದಿಲ್ಲದಿದ್ದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ಇದು ಕಬ್ಬಿಣದ ಆಕ್ಸೈಡ್ ಇರುವ ಮಣ್ಣು, ಬಿಸಿಲಿಗೆ ಮಾಸುವುದಿಲ್ಲ. ನಮ್ಮ ಕರಾವಳಿಯ ಹಳೆ ದೇವಸ್ಥಾನಗಳ ಸುಣ್ಣದ ಗೋಡೆಯ ಮೇಲೆ ಕಾವಿ ಕಲೆ ಮಾಡಿದವರೂ ಕೆಮ್ಮಣ್ಣಿನ ಬಣ್ಣವನ್ನೇ ನಂಬಿದ್ದರು.

ಕಂಬಳದ ಕೋಣಗಳಿಗೆ ಮಾತ್ರ ಟ್ಯೂಬಿನ ಕಪ್ಪು ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸಿದರೆ ಉಸಿರಾಡುವ ಕಪ್ಪು ಸಿಗುತ್ತದೆ. ಒದ್ದೆ ಕೋಣದ ಬೆನ್ನು ಬೆಳಿಗ್ಗೆ ನೀಲಿ, ಸಂಜೆ ಕಂದು. ರಾತ್ರಿ ಲೈಟಿನ ಕೆಳಗೆ ಅದರ ಕಥೆಯೇ ಬೇರೆ.

ಮಳೆಗಾಲದಲ್ಲಿ ಗದ್ದೆಗಿಂತ ಜಾಸ್ತಿ ಕಾಟ ಕೊಡುವುದು ಕಾಗದ. ಜಲವರ್ಣದ ಕಾಗದಕ್ಕೆ ಒಂದು ಅಂಟಿನ ಪದರ ಇರುತ್ತದೆ. ತೇವಕ್ಕೆ ಅದು ಹಾಳಾದರೆ ಬಣ್ಣ ಇಟ್ಟಲ್ಲಿ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ, ಬೂಸ್ಟು ಬೇರೆ. ನಾನು 300 ಜಿಎಸ್‌ಎಂ ತೂಕದ ದಪ್ಪ ಹತ್ತಿ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಚೀಲದಲ್ಲಿ ಇಡುತ್ತೇನೆ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗಲೇಬಾರದು. ನಡುವೆ ಮೌಂಟ್ ಬೋರ್ಡ್ ಬೇಕೇ ಬೇಕು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಬಣ್ಣ ಒಣಗುವುದಿಲ್ಲ ಅಂತ ಕೆಲವರು ಹೇರ್ ಡ್ರೈಯರ್ ಹಿಡೀತಾರೆ. ನನಗೆ ಅದು ಸರಿ ಕಾಣುವುದಿಲ್ಲ. ತಡವಾಗಿ ಒಣಗುವ ಕಾಗದದ ಮೇಲೆ ಮೋಡ ತಾನಾಗಿಯೇ ಮೋಡ ಆಗುತ್ತದೆ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನ ಚಿತ್ರ ಬೇಕಾದರೆ ಆಗ ಮಲ್ಪೆ ಬಂದರಿಗೆ ಹೋಗಬೇಕು. ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಋತು ಶುರುವಾದರೆ ಅಲ್ಲಿ ಒಂದು ಗೆರೆ ಎಳೆಯುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಬೂತಾಯಿ ಮೀನಿನ ಬುಟ್ಟಿ ಹೊತ್ತವರ ದಾರಿಗೆ ಅಡ್ಡ ಕೂತರೆ ಬೈಗುಳ ಗ್ಯಾರಂಟಿ.

ಗಿರಾಕಿಗಳ ವಿಷಯ ಹೇಳಲೇಬೇಕು. ಒಂದು ರೆಸಾರ್ಟಿನವರು ಚಿತ್ರ ಬರೆಸಿ, ನೋಡಿ, "ಪ್ಲಾಸ್ಟಿಕ್ ತೆಗೆದು ಗೊರಬು ಹಾಕಿ ಕೊಡಿ" ಅಂದರು. ಹಾಕಲಿಲ್ಲ, ಚಿತ್ರ ವಾಪಸ್ ಬಂತು. ಮುಂಗಡದ ಬಗ್ಗೆ ಸ್ವಲ್ಪ ಮಾತಾಯ್ತು, ಬಿಡಿ. ಗೊರಬು ಬರೆಯಲೇಬಾರದು ಅಂತ ನನ್ನ ಹಟ ಇಲ್ಲ. ಹೊದ್ದು ಕೂತವರು ಸಿಕ್ಕಿದರೆ ಸಂತೋಷದಿಂದ ಬರೆಯುತ್ತೇನೆ. ಹೋಟೆಲಿನ ಗೋಡೆಗೆ ಅಂತ ಅವರ ಬೆನ್ನ ಮೇಲಿನ ವಸ್ತು ಬದಲಾಯಿಸುವುದು ನನ್ನಿಂದ ಆಗದು.

ಈಗ ಕೈಯಲ್ಲಿರುವುದು ನಾಟಿ ಯಂತ್ರದ ಚಿತ್ರ. ಟ್ರೇಯಲ್ಲಿ ಚಾಪೆಯಾಗಿ ಬೆಳೆದ ನೇಜಿಯನ್ನು ಅದು ಸ್ಕೇಲು ಇಟ್ಟ ಹಾಗೆ ಸಾಲಾಗಿ ನೆಡುತ್ತದೆ. ಆದರೆ ಗದ್ದೆಯ ಮೂಲೆಗೆ ಬಂದರೆ ತಿರುಗಲು ಆಗುವುದಿಲ್ಲ. ಆ ಮೂಲೆಗಳನ್ನು ಈಗಲೂ ಹೆಂಗಸರೇ ಬಗ್ಗಿ ತುಂಬುತ್ತಾರೆ. ನಡುವೆ ಯಂತ್ರ, ಮೂಲೆಯಲ್ಲಿ ಇಬ್ಬರು, ಬೆನ್ನ ಮೇಲೆ ನೀಲಿ. ಕೊಳ್ಳುತ್ತೇನೆ ಅಂತ ಯಾರೂ ಇನ್ನೂ ಹೇಳಿಲ್ಲ. ಯಂತ್ರದ ಯಜಮಾನರು ಬಂದು ನೋಡಿ, ಚಕ್ರದ ಹಲ್ಲು ಸರಿ ಉಂಟು ಅಂತ ಒಪ್ಪಿ, ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಿದ್ದಾರೆ, ಕೆಳಗೆ ಬಾಡಿಗೆಗೆ ಸಂಪರ್ಕಿಸಿ ಅಂತ ಅವರ ನಂಬರ್ ಸಮೇತ.